ಸೂತಕವಿಲ್ಲದ ಸಂಬಂಧ

"ನಿಮ್ಮ ಕುಟುಂಬದಲ್ಲಿ ಮೊದಲು ಯಾರಿಗಾದರೂ ಈ ಕಾಯಿಲೆ ಬಂದಿತ್ತಾ ಅಮ್ಮ?" ಎಂದು ಆ ಹುಡುಗಿ ಕೇಳಿದಾಗ ನಾನು ಯೋಚನೆಯನ್ನೂ ಮಾಡದೆ ಇಲ್ಲ ಎಂದುಬಿಟ್ಟೆ. ಸುಳ್ಳು ಹೇಳಿದ್ದಲ್ಲ. ನಾವು ಕುಟುಂಬ ಎಂದು ಯಾರನ್ನು ಎಣಿಸುತ್ತೇವೋ ಅವರಲ್ಲಿ ಯಾರಿಗೂ ಬಂದಿರಲಿಲ್ಲ.

ಎರಡು ಸಾವಿರದ ಹನ್ನೆರಡು ಇರಬೇಕು. ನನ್ನ ಎಡದ ಎದೆ ತೆಗೆದು, ಕಿಮೋ ಎಲ್ಲ ಮುಗಿದು, ತಲೆಯ ಮೇಲೆ ಆಗಷ್ಟೇ ಕೂದಲು ಚಿಗುರುತ್ತಿತ್ತು. ಇಷ್ಟು ಸಣ್ಣ ಪ್ರಾಯಕ್ಕೆ ಬಂದಿದೆಯೆಂದು ದೊಡ್ಡ ಡಾಕ್ಟರರು ನನ್ನನ್ನು ಆಸ್ಪತ್ರೆಯ ಇನ್ನೊಂದು ಕೋಣೆಗೆ ಕಳಿಸಿದ್ದರು. ಅಲ್ಲಿದ್ದವಳು ಡಾಕ್ಟರಲ್ಲ, ನರ್ಸೂ ಅಲ್ಲ. ಜೆನೆಟಿಕ್ ಕೌನ್ಸೆಲರ್ ಅಂತೆ. ಕಾಯಿಲೆ ವಂಶದಲ್ಲಿ ಹರಿದು ಬಂದದ್ದೋ ಅಲ್ಲವೋ ನೋಡಿ, ಬಂದಿದ್ದರೆ ಮನೆಯವರು ಏನು ಮಾಡಬಹುದು ಎಂದು ಕೂತು ಹೇಳುವ ಕೆಲಸ. ಮೈಸೂರು ಕಡೆಯ ಮಾತು, ಹತ್ತಿಯ ಸೀರೆ, ಕೈಯಲ್ಲಿ ಪೆನ್ಸಿಲು. ಅಲ್ಲಿ ನನಗೆ ಸಿಕ್ಕ ಮೊದಲ ಕರುಣೆಯೆಂದರೆ ಅವಳು ಗಡಿಯಾರ ನೋಡಲಿಲ್ಲ.

ಅವಳು ಹೆಂಗಸರಿಗೆ ವೃತ್ತ, ಗಂಡಸರಿಗೆ ಚೌಕ ಬರೆಯುತ್ತಾ ಹೋದಳು. ಅಮ್ಮ, ಅಮ್ಮನ ತಂಗಿಯರು, ಅಜ್ಜಿ, ಅಜ್ಜಿಯ ಅಕ್ಕ. ಎಲ್ಲರೂ ಹಲ್ಲು ಬಿದ್ದ ಮೇಲೂ ಎಲೆ ಅಡಿಕೆ ಕುಟ್ಟಿಕೊಂಡು ತಿಂದವರು. ನಾನು ಹೆಮ್ಮೆಯಿಂದಲೇ ಹೇಳಿದೆ.

"ತಂದೆಯ ಕಡೆ?"

"ಅವ್ರ್ ನಮ್ ಬಳಿ ಅಲ್ಲ ಅಲ್ದಾ" ಎಂದೆ.

ಅವಳು ಪೆನ್ಸಿಲು ಕೆಳಗಿಟ್ಟಳು. "ಬಳಿ ಅಂದ್ರೆ ಏನಮ್ಮ? ನನಗೆ ಗೊತ್ತಿಲ್ಲ, ಹೇಳಿಕೊಡಿ."

ನಾವು ಅಳಿಯಸಂತಾನದವರು. ಮಕ್ಕಳು ತಾಯಿಯ ಬಳಿಗೆ, ಎಂದರೆ ಅವಳ ಕುಲಕ್ಕೆ ಸೇರುತ್ತಾರೆ, ತಂದೆಯದಕ್ಕಲ್ಲ. ಅಪ್ಪಯ್ಯ ನಮ್ಮ ಬಿಜೂರಿನ ಮನೆಯಲ್ಲೇ ಉಂಡು, ಗದ್ದೆ ಮಾಡಿಸಿ, ನಮ್ಮನ್ನು ಸಾಕಿದರೂ ಅವರ ಬಳಿ ಬೇರೆ, ಪೂಜಿಸುವ ನಾಗ ಬೇರೆ, ಸೂತಕ ಬೇರೆ. ಅವರ ಕಡೆ ಯಾರಾದರೂ ಸತ್ತರೆ ನಮಗೆ ಸೂತಕ ಬರುವುದಿಲ್ಲ. ಅವಳು ಕೇಳಿದಾಗ ನಾನು ಸೂತಕ ಬರುವವರನ್ನು ಮಾತ್ರ ಎಣಿಸಿದ್ದೆ. ಇದನ್ನೆಲ್ಲ ಹೇಳುತ್ತಿರುವಾಗಲೇ ಗುಲ್ವಾಡಿಯ ಅತ್ತೆ ನೆನಪಾದಳು.

ಅತ್ತೆ ಎಂದರೆ ಅಪ್ಪಯ್ಯನ ತಂಗಿ. ತೀರಿಕೊಂಡದ್ದು ತೊಂಬತ್ತೇಳರ ಮಳೆಗಾಲದಲ್ಲಿ. ಎದೆಯ ಗಂಟನ್ನು ಯಾರಿಗೂ ಹೇಳದೆ ತೆಂಗಿನ ಮಡಲಿನ ಹಾಗೆ ಒಣಗುತ್ತಾ ಬಂದಳು. ಯಾರೋ ಕೊಟ್ಟ ಬೇರನ್ನು ತೇಯ್ದು ಹಚ್ಚಿಕೊಳ್ಳುತ್ತಿದ್ದಳಂತೆ. ಗಾಯಕ್ಕೆ ಸೀರೆ ಅಂಟಿಕೊಳ್ಳುವ ಹೊತ್ತಿಗೆ ಆಸ್ಪತ್ರೆಗೆ ಕರೆದುಕೊಂಡು ಹೋದರು. ಕಡೆಗಾಲದಲ್ಲಿ ಅವಳಿಗೆ ಮೈ ಒರೆಸಿದ್ದು ಅವಳ ಮಗಳು ಮತ್ತು ನಾನು. ಆ ಮಗಳೇ ನನ್ನ ಅಣ್ಣನ ಹೆಂಡತಿ, ನನ್ನ ಅತ್ತಿಗೆ. ಸೋದರತ್ತೆಯ ಮಗಳನ್ನು ತರುವುದು ನಮ್ಮಲ್ಲಿ ವಾಡಿಕೆ. ಬಳಿ ಬೇರೆಯಾದ್ದರಿಂದ ಅಡ್ಡಿಯಿಲ್ಲ.

ಅತ್ತೆ ಹೋದ ಮೇಲೆ ಬಿಜೂರಿನ ಮನೆಯ ದೊಡ್ಡವರಲ್ಲಿ ಸೂತಕ ಇದ್ದದ್ದು ಅಪ್ಪಯ್ಯನಿಗೆ ಮತ್ತು ಅತ್ತಿಗೆಗೆ, ಇಬ್ಬರಿಗೆ ಮಾತ್ರ. ಅವರಿಬ್ಬರೂ ದೇವರ ಕೋಣೆಯ ಹೊಸ್ತಿಲು ದಾಟದೆ ಚಾವಡಿಯ ಮೂಲೆಯಲ್ಲಿ ಕೂತು ಬೇರೆಯಾಗಿ ಉಣ್ಣುತ್ತಿದ್ದರು. ಅಮ್ಮ ಅದೇ ಸಂಜೆ ಎಂದಿನಂತೆ ದೀಪ ಹಚ್ಚಿದಳು. ನಾನೂ ಕೈ ಮುಗಿದೆ. ಹಾಗೆ ಅತ್ತೆ ನಮ್ಮ ಸಾವಾಗಲಿಲ್ಲ.

"ತಂದೆಯ ತಾಯಿ?" ಎಂದು ಹುಡುಗಿ ಮೆಲ್ಲಗೆ ಕೇಳಿದಳು. ಅವರು ನಾನು ಹುಟ್ಟುವ ಮೊದಲೇ ಹೊಟ್ಟೆಯಲ್ಲಿ ನೀರು ತುಂಬಿ ಸತ್ತವರು. ಅದನ್ನೂ ಹೇಳಿದೆ. ಅದೂ ಇದೇ ಜಾತಿಯ ಕಾಯಿಲೆ ಇರಬಹುದು ಎಂದು ಅವಳು ಎರಡು ವೃತ್ತಗಳಿಗೆ ಅಡ್ಡಗೀಟು ಎಳೆದಳು.

"ಬಳಿ ಬರದೇ ಇರಬಹುದು ಅಮ್ಮ. ಆದರೆ ಮೈ ಬರುತ್ತೆ. ಅಮ್ಮನಿಂದ ಅರ್ಧ, ಅಪ್ಪನಿಂದ ಅರ್ಧ."

ನನ್ನ ರಕ್ತ ಎಲ್ಲಿಗೋ ಹೋಗಿ ಉತ್ತರ ಬರಲು ವಾರಗಳೇ ಹಿಡಿದವು. ಹೌದು, ಕಾಯಿಲೆ ತರುವ ದೋಷ ವಂಶದ್ದೇ, ಬಂದದ್ದು ಅಪ್ಪಯ್ಯನ ಕಡೆಯಿಂದಲೇ ಇರಬೇಕು ಎಂದಳು. ಅಪ್ಪಯ್ಯ ಅಷ್ಟರಲ್ಲಿ ಹೃದಯ ನಿಂತು ತೀರಿಕೊಂಡಿದ್ದರು. ಇದನ್ನು ಕೇಳಿಸಿಕೊಳ್ಳಲು ಅವರು ಇರಲಿಲ್ಲವಲ್ಲ ಎಂದು ಸಮಾಧಾನಪಟ್ಟೆ. ನನಗೆ ಮಕ್ಕಳಿಲ್ಲ. ಅದಕ್ಕಾಗಿ ನಾನು ಹೇಳಿಕೊಳ್ಳದ ಹರಕೆಯಿಲ್ಲ. ಆ ದಿನ ಮೊದಲ ಬಾರಿಗೆ, ಕೊಡದೇ ಇದ್ದದ್ದೂ ಒಂದು ಕರುಣೆಯೋ ಏನೋ ಅನ್ನಿಸಿತು. ಅನ್ನಿಸಿದ್ದಕ್ಕೆ ಕೆನ್ನೆ ಬಡಿದುಕೊಂಡೆ.

ಆದರೆ ಅಣ್ಣನಿಗೆ ಮಗಳಿದ್ದಳು. ಇಪ್ಪತ್ತು ದಾಟಿತ್ತು, ಬಿ.ಎಡ್ ಮುಗಿಸಿದ್ದಳು. ನನ್ನ ಸೆರಗು ಹಿಡಿದೇ ಬೆಳೆದವಳು. ಕುಂದಾಪುರದ ಒಂದು ಒಳ್ಳೆಯ ಮನೆಯಿಂದ ಜಾತಕ ಕೇಳಿ ಕಳಿಸಿದ್ದರು. ಕೌನ್ಸೆಲರ್ ಹುಡುಗಿ ಸ್ಪಷ್ಟವಾಗಿ ಹೇಳಿದ್ದಳು: ಅಣ್ಣ, ಅತ್ತಿಗೆ ಇಬ್ಬರೂ ರಕ್ತ ಕೊಡಬೇಕು. ಇಬ್ಬರಲ್ಲೂ ಇಲ್ಲದಿದ್ದರೆ ಮಗಳಿಗೆ ಆ ದಾರಿಯ ಭಯವಿಲ್ಲ. ಇದ್ದರೆ ಮಗಳು ತನ್ನದನ್ನೂ ನೋಡಿಸಿಕೊಂಡು, ವರ್ಷ ವರ್ಷ ತಪಾಸಣೆ ಮಾಡಿಸಿಕೊಂಡರೆ ಅತ್ತೆಯ ಹಾಗೆ ಸಾಯಬೇಕಾಗಿಲ್ಲ.

ನಾನು ನಾನಿರುವ ಬ್ರಹ್ಮಾವರದಿಂದ ಬಸ್ಸು ಹತ್ತಿ ಬಿಜೂರಿಗೆ ಹೋಗಿ ಹೇಳಿದೆ. ಅಮ್ಮ ಬೀಸಣಿಗೆ ಆಡಿಸುತ್ತಾ ಅತ್ತಿಗೆಯ ಕಡೆ ನೋಡಿದಳು.

"ನಾ ಅಂದೇ ಹೇಳಿದ್ನಲೆ, ಆ ಬಳಿಯಂಗೇ ಇತ್ತ್ ಅದ್. ಮೊಮ್ಮಗಳೂ ಅದೇ ಬಳಿ. ತಾಯಿಂದ ಚಿನ್ನ ಬಪ್ಪುದಿಲ್ಲೆ, ಇದೊಂದ್ ಬತ್ತ್."

ಅತ್ತಿಗೆ ಎದುರು ಮಾತಾಡುವವಳಲ್ಲ. ತಾಯಿ ಸತ್ತಂದಿನಿಂದ ಇಂಥ ಮಾತು ಕೇಳಿಕೊಂಡೇ ಬಂದವಳು. ಮೀನು ಹೆಚ್ಚುತ್ತಿದ್ದ ಕೈ ತೊಳೆದುಕೊಂಡು ಬಂದು ನನ್ನನ್ನೇ ಕೇಳಿದಳು: "ಯಾವತ್ತ್ ಬರ್ಕ್ ಹೇಳ್. ನಾ ಬತ್ತೆ."

ಅಣ್ಣ ನಕ್ಕು ಅತ್ತಿಗೆಯ ತಾಯಿಯನ್ನೇ ಎತ್ತಿ ಆಡಿದ. "ಅವಳ ಅಬ್ಬಿಗೆ ಬಂದದ್, ಅವಳ್ ಕೊಡ್ಲಿ. ಗಂಡಸ್ರಿಗ್ ಎದೆ ಕಾಯಿಲೆ ಅಂದ್ರೆ ಅಂಗಡಿಯಂಗ್ ಕೂತವ್ರೆಲ್ಲ ನೆಗಾಡ್ತ್ರ್ ಮಾರಾಯ್ತಿ." ಬೈಂದೂರಿನಲ್ಲಿ ಅವನಿಗೆ ಸಿಮೆಂಟು, ಕಬ್ಬಿಣದ ಅಂಗಡಿ.

ಅತ್ತಿಗೆ ನನ್ನ ಜೊತೆ ಬಂದಳು. ಬಸ್ಸಿನಲ್ಲಿ ಕಿಟಕಿಯ ಬದಿ ಸಿಕ್ಕಿತ್ತು, ಆದರೂ ಹೊರಗೆ ನೋಡಲಿಲ್ಲ. ಕೋಣೆಯಲ್ಲಿ ಹುಡುಗಿಯನ್ನು ಒಂದೇ ಪ್ರಶ್ನೆ ಕೇಳಿದಳು: "ಇದ್ ಎಂತ ಪಾಪಕ್ ಬಪ್ಪುದ್?"

ಹುಡುಗಿ ಕುರ್ಚಿಯನ್ನು ಅವಳ ಹತ್ತಿರಕ್ಕೆ ಎಳೆದುಕೊಂಡು ಹೇಳಿದಳು: "ಇಲ್ಲಿಗೆ ಬರೋರೆಲ್ಲ ಇದನ್ನೇ ಕೇಳ್ತಾರಮ್ಮ. ಯಾರ ತಪ್ಪು ಅಂತ. ನಿಮ್ಮ ಮೂಗು ನಿಮ್ಮ ಅಮ್ಮನ ಹಾಗೆ ಇದ್ದರೆ ಅದು ಅವರ ತಪ್ಪಾ? ಹೆಂಗಸರು ಒಬ್ಬೊಬ್ಬರೇ ಬಂದು ಈ ಕುರ್ಚಿಯಲ್ಲಿ ಕೂತು ಅಳ್ತಾರೆ. ಗಂಡಸರು ಹೊರಗೆ ಬೈಕಿನ ಹತ್ತಿರ ನಿಂತಿರ್ತಾರೆ. ಇದು ಗಂಡಸರ ಮೈಯಲ್ಲೂ ಸದ್ದಿಲ್ಲದೆ ಇರಬಹುದು, ಅವರಿಂದ ಮಕ್ಕಳಿಗೂ ಹೋಗಬಹುದು ಅಂತ ಅವರಿಗೆ ಹೇಳೋದೇ ನನಗೆ ಕಷ್ಟದ ಕೆಲಸ."

"ಮೊದ್ಲೇ ಗೊತ್ ಮಾಡ್ಕಂಬುದ್ ದೇವರ್ ಕೆಲ್ಸಕ್ ಕೈ ಹಾಕ್ದಂಗೆ ಅಲ್ದಾ?" ಎಂದು ನಾನು ಕೇಳಿದೆ. ನನ್ನನ್ನು ಬಹಳ ದಿನದಿಂದ ಕೊರೆಯುತ್ತಿದ್ದದ್ದು ಅದು.

"ನನಗೆ ಗೊತ್ತಿಲ್ಲಮ್ಮ. ನಿಮ್ಮತ್ತೆ ಗಂಟನ್ನ ಬಚ್ಚಿಟ್ಟುಕೊಂಡರಲ್ಲ, ಅದು ದೇವರ ಇಷ್ಟ ಅಂತ ನಿಮಗೆ ಅನ್ನಿಸುತ್ತಾ?"

ಕೊಲ್ಲೂರಮ್ಮನ ಎದುರು ನಿಂತಾಗಲೂ ಆ ಪ್ರಶ್ನೆ ನನ್ನ ಜೊತೆಗೇ ಇತ್ತು.

ಅತ್ತಿಗೆಯ ಉತ್ತರ ಬಂತು. ಅವಳಲ್ಲಿ ಇರಲಿಲ್ಲ.

ಅಮ್ಮ ಆ ದಿನ ದೇವರಿಗೆ ಹಾಲುಪಾಯಸ ಮಾಡಿಸಿದಳು. ತಾಯಿಯ ಬಳಿಯಲ್ಲಿ ಇಲ್ಲವೆಂದ ಮೇಲೆ ಮೊಮ್ಮಗಳಿಗೆ ಎಲ್ಲಿಂದ ಬರಬೇಕು? ಅಣ್ಣ ಅಂಗಡಿಯಿಂದ ಬೇಗ ಬಂದು ಎರಡು ಲೋಟ ಕುಡಿದು, ಕುಂದಾಪುರದವರಿಗೆ ಜಾತಕ ಕಳಿಸುವ ಮಾತೆತ್ತಿದ. ಅತ್ತಿಗೆ ಮಾತ್ರ ಒಲೆಯ ಮುಂದೆ ಸುಮ್ಮನೆ ಕೂತಿದ್ದಳು. ಸಂತೋಷವಿಲ್ಲವಾ ಎಂದು ಹತ್ತಿರ ಹೋದೆ.

"ನಂಗ್ ಇಲ್ಲೆ ಅಂದ್ರೆ ಅಬ್ಬಿದ್ ನಂಗ್ ಬರ್ಲಿಲ್ಲೆ. ಆಯ್ತ್" ಎಂದಳು. "ನಿಂಗೆ ಬಂದದ್ ಮಾವನಿಂದ. ಇವ್ರೂ ಅದೇ ಮಾವನ ಮಗ ಅಲ್ದಾ?"

ನಾನು ಅದನ್ನು ಹಿಂದೆ ನೂರು ಸಲ ಹೇಳಿದ್ದೆ. ಆ ಮನೆಯಲ್ಲಿ ನನ್ನ ಮಾತನ್ನು ನಿಜವಾಗಿ ಕೇಳಿಸಿಕೊಂಡಿದ್ದವಳು ಅವಳೊಬ್ಬಳೇ ಎಂದು ಆಗ ಗೊತ್ತಾಯಿತು.

ಅವಳು ಎದ್ದು ಒಳಗೆ ಹೋಗಿ, ಕಪಾಟಿನಿಂದ ಮಗಳ ಜಾತಕ ತೆಗೆದು ಸೀರೆಯ ಮಡಿಕೆಯೊಳಗೆ ಇಟ್ಟು, ಬೀಗ ಹಾಕಿ, ಕೀಲಿಕೈಯನ್ನು ಕರಿಮಣಿಗೆ ಕಟ್ಟಿಕೊಂಡು ಚಾವಡಿಗೆ ಬಂದಳು.

"ಹ್ವಾಯ್, ಕೇಣಿ. ನೀವ್ ರಕ್ತ ಕೊಡುವರೆಗೆ ಹೆಣ್ಣಿನ ಜಾತಕ ಈ ಮನಿ ದಾಟುದಿಲ್ಲೆ."

ಅಣ್ಣ ಲೋಟ ಕೆಳಗಿಟ್ಟ. "ಎಂತ ಹೇಳ್ತೆ ನೀನ್? ಪಾಯಸ ಕುಡ್ದ್ ತಲಿ ತಿರುಗಿತ್ತಾ?"

"ನಾ ಕುಡಿಲೇ ಇಲ್ಲೆ."

"ನಮ್ ಬಳಿಯಂಗ್ ಯಾರಿಗೂ ಇಲ್ಲೆ" ಎಂದು ಅಮ್ಮ ನಡುವೆ ಬಾಯಿ ಹಾಕಿದಳು.

"ಬಳಿಯಂಗ್ ಇಲ್ದಿರ್ಲಿ ಅತ್ತೆ. ನಿಮ್ ಮಗಳ್ ಎದುರಿಗೇ ಕೂತಿತ್ ಕಾಣಿ, ಎದೆ ಕೊಯ್ಸ್ಕಂಡ್." ಅತ್ತಿಗೆ ದನಿ ಏರಿಸಲಿಲ್ಲ. "ಇಷ್ಟ್ ವರ್ಷ ನನ್ ಅಬ್ಬಿ ಕಾಯಿಲೆ ಅಂದ್ರಿ, ನಾ ಕೇಂಡೆ. ರಕ್ತ ಕೊಡ್ ಅಂದ್ರಿ, ಕೊಟ್ಟೆ. ಈಗ ಇವ್ರ್ ಸರದಿ."

ಅಮ್ಮ ನನ್ನ ಕಡೆ ನೋಡಿದಳು. ನಾನು ಸೆರಗು ಸರಿಮಾಡಿಕೊಂಡೆ, ಅಷ್ಟೆ. ಬೀಸಣಿಗೆ ನಿಂತಿತು.

ಅಣ್ಣನ ಮಗಳು ಬಾಗಿಲಲ್ಲಿ ನಿಂತಿದ್ದಳು. "ಅಪ್ಪಯ್ಯ ಹೋಪುದ್ ಬ್ಯಾಡ, ನಾನೇ ಹೋತೆ" ಎಂದಳು. ಅತ್ತಿಗೆ ತಿರುಗಿಯೂ ನೋಡದೆ, "ಅಪ್ಪಯ್ಯಂಗ್ ಇಲ್ಲೆ ಅಂದ್ರೆ ನೀ ಸೂಜಿ ಚುಚ್ಚಿಸ್ಕಂಬುದ್ ಎಂತಕೆ? ಒಳಗ್ ಹೋಯ್ಕ್" ಎಂದಳು.

ಅಣ್ಣ ಕೆಲವು ದಿನ ಹಟ ಹಿಡಿದ. ಊಟಕ್ಕೆ ಕೂತರೆ ಅತ್ತಿಗೆ ಎಂದಿನಂತೆಯೇ ಬಡಿಸುತ್ತಿದ್ದಳಂತೆ, ಒಂದು ಒಗ್ಗರಣೆಯನ್ನೂ ತಪ್ಪಿಸದೆ. ಕೀಲಿಕೈ ಮಾತ್ರ ಬಗ್ಗಿದಾಗಲೆಲ್ಲ ಕರಿಮಣಿಯ ಜೊತೆ ತೂಗಾಡುತ್ತಿತ್ತು. ಜಗಳ ಮಾಡಿದ್ದರೆ ಅವನು ಗೆಲ್ಲುತ್ತಿದ್ದ. ಕಡೆಗೆ ಒಂದು ಬೆಳಿಗ್ಗೆ ಅಂಗಡಿಗೆ ಹೋಗದೆ ನೇರ ಬ್ರಹ್ಮಾವರಕ್ಕೆ ಬಂದು ನಮ್ಮ ಮನೆಯ ಮುಂದೆ ನಿಂತ. "ಬಾ, ಆ ಕೋಣೆ ಎಲ್ಲಿತ್ ತೋರ್ಸ್" ಎಂದ. ಸೂಜಿ ಚುಚ್ಚುವಾಗ ಮುಖ ಆಚೆ ತಿರುಗಿಸಿದ. ಒಂದೇ ಸಲಕ್ಕೆ ನರ ಸಿಕ್ಕಿತು. ಅದೂ ಒಂದು ಕರುಣೆ. ಎರಡನೇ ಸಲ ಚುಚ್ಚಬೇಕಾಗಿದ್ದರೆ ಎದ್ದು ಹೋಗುತ್ತಿದ್ದನೇನೋ.

ಅವನಲ್ಲಿ ಇತ್ತು.

ಕೌನ್ಸೆಲರ್ ಹುಡುಗಿ ಹೇಳುವಾಗ ಅಣ್ಣ ಗೋಡೆಯ ಕ್ಯಾಲೆಂಡರನ್ನೇ ನೋಡುತ್ತಿದ್ದ. "ಮಗಳಿಗೆ ಬಂದಿರಲೇಬೇಕು ಅಂತಿಲ್ಲ ಸರ್. ಬಂದಿರಬಹುದು, ಬರದೇ ಇರಬಹುದು, ಎರಡಕ್ಕೂ ಸಮ" ಎಂದಳು. "ಬೇಕಿದ್ದರೆ ಅವಳನ್ನು ಕರೆಸಿ ನಾನೇ ಹೇಳ್ತೇನೆ."

"ಬ್ಯಾಡ" ಎಂದ. "ನಾ ಹೇಳ್ತೆ."

ಮನೆಗೆ ಬಂದು ಕಾಲು ತೊಳೆದು ಚಾವಡಿಯಲ್ಲಿ ಕೂತು ಮಗಳನ್ನು ಕರೆದ. ನಾನೂ ಅಲ್ಲೇ ಇದ್ದೆ. "ಮಗಾ, ಅಪ್ಪಯ್ಯಂಗ್ ಇತ್ತಂಬ್ರ್" ಎಂದ. ಅವಳೇ ಹತ್ತಿರ ಬಂದು ಕೂತಳು. ಸಿಮೆಂಟಿನಿಂದ ಒರಟಾದ ಅವನ ಕೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು, "ನಾಳೆ ನಾನೂ ಹೋಯ್ ಬತ್ತೆ ಅಪ್ಪಯ್ಯ" ಎಂದಳು. ಅಮ್ಮ ಎದ್ದು ದೇವರ ಕೋಣೆಗೆ ಹೋದಳು. ಅಂದಿನಿಂದ ಆ ಮನೆಯಲ್ಲಿ ಬಳಿಯ ಮಾತು ಎತ್ತಿದ್ದನ್ನು ನಾನು ಕೇಳಲಿಲ್ಲ.

ಮಗಳಲ್ಲೂ ಇತ್ತು. ದೇವರೇ, ಅವಳನ್ನೊಬ್ಬಳನ್ನು ಬಿಡಬಹುದಿತ್ತಲ್ಲ ಎಂದು ನಾನು ಕೇಳಿದ್ದು ಸುಳ್ಳಲ್ಲ. ದೀಪಕ್ಕೆ ಎಣ್ಣೆ ಹಾಕದೆಯೂ ಕೂತೆ ಸ್ವಲ್ಪ ದಿನ. ಆಮೇಲೆ ಗುಲ್ವಾಡಿಯ ಅತ್ತೆಯ ಬೆನ್ನು ಒರೆಸಿದ್ದು ನೆನಪಾಯಿತು. ಅವಳಿಗೆ ಯಾರೂ ಹೇಳಲಿಲ್ಲ. ಇವಳಿಗೆ ಗಂಟು ಬರುವ ಮೊದಲೇ ಹೇಳುವವರು ಸಿಕ್ಕಿದರು. ಎಣ್ಣೆ ಹಾಕಿದೆ.

ಅತ್ತಿಗೆ ಕಪಾಟಿನ ಬೀಗ ತೆಗೆದು ಜಾತಕವನ್ನು ಗಂಡನ ಕೈಗೆ ಕೊಟ್ಟಳು. ಅಣ್ಣ ಅದನ್ನು ಯಾರ ಕೈಯಲ್ಲೂ ಕಳಿಸಲಿಲ್ಲ. ತಾನೇ ಕುಂದಾಪುರಕ್ಕೆ ಹೋಗಿ, ಆ ಮನೆಯ ಹಿರಿಯರ ಎದುರು ಕೂತು ಹೇಳಿದನಂತೆ: "ಹೀಂಗೀಂಗ್ ಇತ್ತ್. ಅವಳ ತಾಯಿ ಕಡಿದಲ್ಲ. ನನ್ನಿಂದ ಬಂದದ್." ಅವರು ಕಾಫಿ ಕೊಟ್ಟು ಮರ್ಯಾದೆಯಿಂದಲೇ ಕಳಿಸಿದರು. ಮತ್ತೆ ಮಾತು ಮುಂದುವರಿಯಲಿಲ್ಲ. ಊರಿನಲ್ಲಿ ನಾಲ್ಕು ಜನ ನಾಲ್ಕು ಮಾತಾಡಿದರು. ಅಂಗಡಿಯಲ್ಲಿ ಯಾರಾದರೂ ಕೆದಕಿದರೆ ಅಣ್ಣ, "ಹೌದ್ ಮಾರಾಯಾ, ನಂಗೇ ಇತ್ತ್. ಸಿಮೆಂಟ್ ಎಷ್ಟ್ ಚೀಲ ಬೇಕ್?" ಎನ್ನುತ್ತಿದ್ದ.

ಅಣ್ಣನ ಮಗಳ ಮದುವೆ ತಡವಾಗಿ ಆಯಿತು. ಅವಳ ಶಾಲೆಯಲ್ಲೇ ಪಾಠ ಮಾಡುವವನು. ಎಲ್ಲ ಕೇಳಿ, ಕೌನ್ಸೆಲರ್ ಹುಡುಗಿಯ ಕೋಣೆಗೂ ಬಂದು, ಕುರ್ಚಿಯಲ್ಲಿ ಕೂತು ಪ್ರಶ್ನೆ ಕೇಳಿ ಒಪ್ಪಿದವನು.

ವರ್ಷಕ್ಕೊಮ್ಮೆ ಅವಳ ಸ್ಕ್ಯಾನಿಂಗಿಗೆ ನಾವಿಬ್ಬರೂ ಒಟ್ಟಿಗೆ ಹೋಗುತ್ತೇವೆ. ನನ್ನ ತಪಾಸಣೆಯನ್ನೂ ಅದೇ ದಿನಕ್ಕೆ ಹೊಂದಿಸಿಕೊಳ್ಳುತ್ತೇನೆ. ಅವಳು ಒಳಗಿದ್ದಷ್ಟು ಹೊತ್ತು ಬೆಂಚಿನ ಮೇಲೆ ಕೂತು ನಾಮ ಹೇಳುತ್ತಿರುತ್ತೇನೆ, ಎಷ್ಟು ಸಲ ಎಂದು ಲೆಕ್ಕವಿಡದೆ. ಈ ಸಲ ಅವಳು ಹೊರಗೆ ಬಂದು, ಕಳಚಿಟ್ಟಿದ್ದ ಬಳೆಗಳನ್ನು ನನ್ನ ಕೈಯಿಂದ ತೆಗೆದುಕೊಂಡು ತೊಡುತ್ತಾ ಹೇಳಿದಳು: "ಈ ವರ್ಷ ಎಂತದೂ ಇಲ್ಲೆ ಅಂಬ್ರ್ ಅತ್ತೆ. ಹಸಿವಾತ್. ಊಟಕ್ ಹೋಪ."