ಮಾಲೆ ಹಾಕುವ ಮೊದಲು

ಹಾವೇರಿಯ ಶಾಲೆಯ ನನ್ನ ಹಳೆಯ ಹುಡುಗಿಯರು ಹೋದ ಭಾನುವಾರ ಕರೆದು ಫೆಲಿಸಿಟೇಶನ್ ಮಾಡಿದರು. ಹುಡುಗಿಯರು ಎಂದೆ, ಅವರಲ್ಲಿ ಅರ್ಧ ಮಂದಿಗೆ ಮೊಮ್ಮಕ್ಕಳಿದ್ದಾರೆ. ಶಾಲು, ಹಣ್ಣಿನ ಬುಟ್ಟಿ, ಒಂದು ಏಲಕ್ಕಿ ಮಾಲೆ. ಮನೆಗೆ ಬಂದು ಮಾಲೆಯನ್ನು ಕುರ್ಚಿಯ ಬೆನ್ನಿಗೆ ಹಾಕಿ ಮಲಗಿಬಿಟ್ಟೆ. ಎದ್ದಾಗ ಕೋಣೆಯ ತುಂಬ ವಾಸನೆ... ಮೊದಲು ಏಲಕ್ಕಿಯದು, ಅದರ ಹಿಂದೆ ಎಲ್ಲೋ ಮಸುಕಾಗಿ ಗಂಧಕದ್ದು. ಕಾಯಿ ಬೆಳ್ಳಗಾಗಲೆಂದು ಹೊಗೆ ಕೊಟ್ಟಿರುತ್ತಾರಲ್ಲ, ಅದು. ಬೇರೆಯವರ ಮೂಗಿಗೆ ಅದು ಸಿಗುವುದಿಲ್ಲ. ಹಾವೇರಿಯಲ್ಲಿ ಆ ವಾಸನೆಯ ಪಕ್ಕದ ಮನೆಯಲ್ಲೇ ಸಂಸಾರ ಮಾಡಿದ ನನಗೆ ಸಿಕ್ಕಿತು.

ಆಪಾ ನೆನಪಾದರು.

ಆಪಾ ಎಂದರೆ ಅಕ್ಕ. ನನಗಿಂತ ನಾಲ್ಕೈದು ವರ್ಷ ದೊಡ್ಡವರು. ಓಣಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ಅವರ ಗಂಡನ ಮನೆತನದ್ದು ಏಲಕ್ಕಿ ಮಾಲೆ ಕಟ್ಟುವ ಕಸುಬು. ಗಂಡ ಬೇಗ ತೀರಿಕೊಂಡ ಮೇಲೆ ಸೂಜಿ ಆಪಾನ ಕೈಗೆ ಬಂದಿತ್ತು. ಪಡಸಾಲೆಯಲ್ಲಿ ಚಾಪೆ ಹಾಸಿ, ಕಾಲು ಚಾಚಿ, ಮಡಿಲಲ್ಲಿ ಮೊರ ಇಟ್ಟುಕೊಂಡು ಕೂಡುತ್ತಿದ್ದರು. ಕಣ್ಣು ಬೀದಿಯ ಮೇಲೆ, ಬೆರಳು ಕಾಯಿಯ ಮೇಲೆ. ದಪ್ಪ ಕಾಯಿಗಳನ್ನು ಪದಕಕ್ಕೆ, ಸಣ್ಣವನ್ನು ಎಳೆಗೆ ಆರಿಸುತ್ತ ಮಾತಾಡುತ್ತಿದ್ದರು.

"ಟೀಚರ, ಈ ಕಾಯಿ ನೋಡ್ರಿ. ನಮ್ಮ ವಾರ್ಡಿನ ಮೆಂಬರ್ ಇದ್ದಂಗೈತಿ. ಮ್ಯಾಲೆ ದಪ್ಪ, ಒಳಗ ಒಂದ ಕಾಳಿಲ್ಲ."

ಹಾವೇರಿಗೆ ಬಂದ ದೊಡ್ಡವರ ಕೊರಳಿಗೆಲ್ಲ ಅವರ ಮಾಲೆ ಬಿದ್ದಿದೆ. ಪೇಪರಿನಲ್ಲಿ ಫೋಟೋ ಬಂದರೆ ಮುಖ ಯಾರದೆಂದು ಕೇಳುತ್ತಿರಲಿಲ್ಲ, ಮಾಲೆ ತಮ್ಮದು ಹೌದೋ ಅಲ್ಲವೋ ಅಷ್ಟೇ ನೋಡುತ್ತಿದ್ದರು. "ನನ್ನ ಮಾಲಿ ಡೆಲ್ಲಿ ನೋಡೈತ್ರಿ. ನಾ ಹುಬ್ಬಳ್ಳಿ ದಾಟಿಲ್ಲ," ಎನ್ನುತ್ತಿದ್ದರು. ಅದರಲ್ಲಿ ದುಃಖವೇನೂ ಇರಲಿಲ್ಲ. ಐ ಥಿಂಕ್ ಶೀ ವಾಸ್ ಪ್ರೌಡ್.

ಒಬ್ಬನೇ ಮಗ. ಬ್ಯಾಡಗಿಯ ಮೆಣಸಿನಕಾಯಿ ಪೇಟೆಯಲ್ಲಿ ಒಂದು ದಲಾಲಿ ಅಂಗಡಿಯಲ್ಲಿ ಗುಮಾಸ್ತ. ಸಂಜೆ ಅವನು ಓಣಿಗೆ ಕಾಲಿಟ್ಟರೆ ನಮಗೆಲ್ಲ ಸೀನು ಬರುತ್ತಿತ್ತು, ಬಟ್ಟೆಯ ತುಂಬ ಅಷ್ಟು ಘಾಟು. ಬಾಗಿಲಲ್ಲೇ ಅಂಗಿ ಬಿಚ್ಚಿಸಿ ಒಳಗೆ ಬಿಡುತ್ತಿದ್ದರು ಆಪಾ, ಏಲಕ್ಕಿಗೆ ಘಾಟು ಹತ್ತಬಾರದೆಂದು. ಮದುವೆಯಾಯಿತು, ಹುಬ್ಬಳ್ಳಿಯ ಹುಡುಗಿ ಸೊಸೆಯಾಗಿ ಬಂದಳು. ಮರುವರ್ಷ ಅವನ ಕಾಲು ಊದಿಕೊಂಡವು. ಮೊದಲು ನಿಂತು ನಿಂತು ಊದಿದೆ ಎಂದರು. ಕೊನೆಗೆ ಎರಡೂ ಕಿಡ್ನಿ ಕೆಲಸ ನಿಲ್ಲಿಸಿವೆ ಎಂದು ತಿಳಿಯಿತು.

ವಾರಕ್ಕೆ ಎರಡು ಸಲ ಡಯಾಲಿಸಿಸ್ ಆಗಲೇಬೇಕು. ಹುಬ್ಬಳ್ಳಿಗೆ ಬಸ್ಸಿನಲ್ಲಿ ಹೋಗುತ್ತಿದ್ದ. ನಸುಕಿನಲ್ಲಿ ಹೊರಟವನು ಸಂಜೆ ಬರುವಾಗ ಮುಖ ಒಣಗಿದ ಬಾಳೆ ಎಲೆಯ ಹಾಗಿರುತ್ತಿತ್ತು. ಬಾಗಿಲಲ್ಲಿ ಅಂಗಿ ಬಿಚ್ಚುವ ಅಗತ್ಯ ಈಗ ಇರಲಿಲ್ಲ, ಪೇಟೆಯ ಕೆಲಸ ಬಿಟ್ಟಾಗಿತ್ತು. ಆದರೂ ರೂಢಿಯಿಂದ ನಿಂತು ಗುಂಡಿ ತೆಗೆಯುತ್ತಿದ್ದ.

ಹತ್ತಿರದ ಒಂದು ಸರ್ಕಾರಿ ದವಾಖಾನೆಗೆ ಡಯಾಲಿಸಿಸ್ ಮಶೀನು ಬಂದಿತ್ತು. ಊರಿನ ಹೆಸರು ಬೇಡ, ಈಗ ಅಲ್ಲಿರುವವರು ಬೇರೆ. ಮಶೀನು ಬಂದಿತ್ತು, ಪ್ಲಾಸ್ಟಿಕ್ ಹೊದಿಕೆ ಬಿಚ್ಚಿರಲಿಲ್ಲ. ನಡೆಸುವ ಟೆಕ್ನಿಶಿಯನ್ ಇಲ್ಲ ಎನ್ನುತ್ತಿದ್ದರು. ಆಪಾ ಒಮ್ಮೆ ಹೋಗಿ ಕಿಟಕಿಯಿಂದ ನೋಡಿ ಬಂದರು. "ಮದುವಿ ಆಗದ ಹುಡುಗಿ ಗತೆ ಮುಸುಕ ಹಾಕ್ಕೊಂಡು ಕುಂತೈತ್ರಿ," ಎಂದರು.

ಅದೇ ಹೊತ್ತಿಗೆ ಸೊಸೆಯ ಅಣ್ಣ ಹುಬ್ಬಳ್ಳಿಯಲ್ಲಿ ತನ್ನ ಮನೆಯ ಮುಂದಿನ ಖೋಲಿ ಖಾಲಿ ಮಾಡಿಕೊಡುತ್ತೇನೆ, ಗಂಡ ಹೆಂಡತಿ ಬಂದು ಇರಲಿ ಎಂದ. ಅವನಿದ್ದ ಓಣಿಯಿಂದ ಡಯಾಲಿಸಿಸ್ ಜಾಗ ನಡೆದು ಹೋಗುವಷ್ಟು ಹತ್ತಿರ. ಆಪಾನಿಗೆ ಅದು ರುಚಿಸಲಿಲ್ಲ. ಮಗ ಹೆಂಡತಿಯ ತವರಲ್ಲಿ ಹೋಗಿ ಕೂಡುವುದೆಂದರೆ... ಸೊಸೆ ದಿನಾ ಕೇಳುತ್ತಿದ್ದಳು, ಇವರು ದಿನಾ ಒಂದು ಕಾರಣ ಹೇಳುತ್ತಿದ್ದರು. ಮಗ ಗೋಡೆಗೆ ಒರಗಿ, "ಇಬ್ಬರೂ ಜಗಳಾಡಿ ಮುಗದ ಮ್ಯಾಲೆ ನನಗ ಹೇಳ್ರಿ. ಅಲ್ಲೀತನಕ ಒಂದ ನಿದ್ದಿ ತಗೀತೇನಿ," ಎನ್ನುತ್ತಿದ್ದ.

ಆಗ ಆರೋಗ್ಯ ಮಂತ್ರಿ ಬರುವ ಸುದ್ದಿ ಬಂತು. ಸಭಾಭವನದಲ್ಲಿ ಕೂತು ಜನರ ಪ್ರಶ್ನೆಗಳಿಗೆ ಅವರೇ ಉತ್ತರ ಕೊಡುತ್ತಾರಂತೆ. ಊರಿನ ಮುಖಂಡರೊಬ್ಬರು ಮಾಲೆ ಹೇಳಲು ಬಂದರು, ಜರಿ ಹಚ್ಚಿದ ಏಳೆಳೆಯದು. ಆಪಾ ಎಂದೂ ಮಾಡದ ಕೆಲಸ ಮಾಡಿದರು. "ಈ ಮಾಲಿ ನಾನ ಹಾಕ್ತೇನ್ರಿ," ಎಂದರು. ಮುಖಂಡರು ಒಂದು ಗಳಿಗೆ ಯೋಚಿಸಿ, ಕಟ್ಟಿದವರೇ ಹಾಕಿದರೆ ಫೋಟೋ ಚೆನ್ನಾಗಿ ಬರುತ್ತದೆ ಎಂದು ಒಪ್ಪಿದರು. ಆಪಾ ಮಶೀನಿನ ಬಗ್ಗೆ ಪ್ರಶ್ನೆ ಕೇಳಲಿರುವುದು ಅವರಿಗೆ ತಿಳಿದಿರಲಿಲ್ಲ.

ನನಗೆ ತಿಳಿದಿತ್ತು. ರಿಹರ್ಸಲ್ ಮಾಡಿಸಿದವಳೇ ನಾನು. ಧಾರವಾಡದ ಕಾನ್ವೆಂಟಿನಲ್ಲಿ ನಮ್ಮ ಸಿಸ್ಟರ್‌ಗಳು ಎಲೊಕ್ಯೂಶನ್ ಕಲಿಸುತ್ತಿದ್ದರು. ಸ್ಟ್ಯಾಂಡ್ ಸ್ಟ್ರೇಟ್, ಚಿನ್ ಅಪ್, ಡೋಂಟ್ ಸ್ವಾಲೋ ದ ಲಾಸ್ಟ್ ವರ್ಡ್. ಅದನ್ನೇ ಆಪಾನಿಗೆ ಹೇಳಿದೆ. ಯಾಕೆ ಎಂದು ಕೇಳಬೇಡಿ, ಯಾಕೆ ಎಂಬುದಕ್ಕೆ ಮಂತ್ರಿಗಳ ಹತ್ತಿರ ನೂರು ಉತ್ತರ ಇರುತ್ತದೆ. ಯಾವಾಗ ಎಂದು ಕೇಳಿ. ಮೊದಲು ಮಾಲೆ ಹಾಕಿ, ಕೈಮುಗಿಯಿರಿ, ಆಮೇಲೆ ಕೇಳಿ.

"ಇಂಗ್ಲಿಷ್‌ನಾಗ ಕೇಳಿದ್ರ ಲಗೂ ಆಗತೈತೇನ್ರಿ?"

"ಇಲ್ಲ ಆಪಾ. ತಡವಾಗ್ತದ."

ನಕ್ಕರು. ಮಾಲೆ ಮೊದಲೋ ಪ್ರಶ್ನೆ ಮೊದಲೋ ಎಂಬುದಕ್ಕೆ ಮಾತ್ರ ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ.

ಮಂತ್ರಿಗಳು ತಡವಾಗಿ ಬಂದರು. ಮತ್ತೊಂದು ಊರಿಗೆ ಹೋಗುವುದಿತ್ತಂತೆ, ಆದ್ದರಿಂದ ಸನ್ಮಾನ ಕೊನೆಗೆ, ಪ್ರಶ್ನೆ ಮೊದಲು ಎಂದರು. ಜನ ಚೀಟಿಯಲ್ಲಿ ಬರೆದು ಕೊಟ್ಟದ್ದನ್ನು ಅಧಿಕಾರಿಯೊಬ್ಬರು ಓದುತ್ತಿದ್ದರು. ಬ್ಯಾಡಗಿ ಕಡೆಯವರು ಆಂಬುಲೆನ್ಸ್ ಕೇಳಿದರು. ಕುಮಾರಪಟ್ಟಣದ ಕಡೆಯವರು ಹೆರಿಗೆ ಡಾಕ್ಟರನ್ನು ಕೇಳಿದರು. ಪ್ರಸ್ತಾವನೆ ಹೋಗಿದೆ. ಪರಿಶೀಲಿಸುತ್ತೇವೆ. ಹಂತ ಹಂತವಾಗಿ ಆಗುತ್ತದೆ. ಮಂತ್ರಿಗಳ ದನಿ ಚೆನ್ನಾಗಿತ್ತು, ಸಿಡುಕಿರಲಿಲ್ಲ. ಬೆಳಿಗ್ಗೆಯಿಂದ ಎಷ್ಟು ಊರು ತಿರುಗಿದ್ದರೋ, ಕಣ್ಣು ಕೆಂಪಾಗಿದ್ದವು. ವೇದಿಕೆಯ ಮೆಟ್ಟಿಲ ಬಳಿ ಆಪಾ ತಟ್ಟೆ ಹಿಡಿದು ನಿಂತಿದ್ದರು. ಒಂದೊಂದು ಉತ್ತರ ಬಂದ ಹಾಗೆಲ್ಲ ಮಾಲೆಯ ಎಳೆ ಸರಿಮಾಡುತ್ತಿದ್ದರು, ಅದು ಸರಿಯಾಗಿಯೇ ಇತ್ತು.

ಹೆಸರು ಕರೆದರು. ಆಪಾ ಮೇಲೆ ಹೋದರು. ಮಾಲೆಯನ್ನು ಎರಡೂ ಕೈಯಲ್ಲಿ ಎತ್ತಿದರು. ಮಂತ್ರಿಗಳು ಕೊರಳು ಬಗ್ಗಿಸಿದರು, ಕ್ಯಾಮೆರಾದವರು ಮುಂದೆ ನುಗ್ಗಿದರು. ಆಪಾ ಹಾಕಲಿಲ್ಲ. ಮಾಲೆಯನ್ನು ಹಾಗೇ ಹಿಡಿದು ನಿಂತರು.

ಬಗ್ಗಿದ ಕೊರಳು ಬಗ್ಗಿಯೇ ಇತ್ತು. "ಯಾಕಮ್ಮಾ, ನಿಂತುಬಿಟ್ರಿ? ಹಾಕಿ," ಎಂದರು ಮಂತ್ರಿಗಳು. ಎದುರಿಗೆ ಮೈಕ್ ಇತ್ತು, ಸಭೆಗೆಲ್ಲ ಕೇಳಿಸಿತು.

"ಹಾಕ್ತೇನ್ರಿ ಸಾಹೇಬ್ರ. ಒಂದ ಮಾತೈತಿ." ಮಶೀನು ಎಲ್ಲಿದೆ, ಎಷ್ಟು ದಿನದಿಂದ ಮುಚ್ಚಿದೆ ಎಂದು ಹೇಳಿದರು. "ಅದು ಯಾವಾಗ ಚಾಲೂ ಆಗತೈತ್ರಿ? ನನ್ನ ಮಗಾ ಹುಬ್ಬಳ್ಳಿಗೆ ಓಡಾಡಿ ಸಣ್ಣ ಆಗ್ಯಾನ."

ಮುಖಂಡರು ಎದ್ದು ನಿಂತರು. ಮಂತ್ರಿಗಳು ಕೈ ಮಾಡಿ ಅವರನ್ನು ಕೂಡಿಸಿದರು, ಪಕ್ಕದ ಅಧಿಕಾರಿಯನ್ನು ಓರೆಗಣ್ಣಿನಿಂದ ನೋಡಿದರು. ಅವರು ಏನೋ ಪಿಸುಗುಟ್ಟಿದರು. "ಒಂದು ತಿಂಗಳಲ್ಲಿ ಆಗುತ್ತೆ ತಾಯಿ," ಎಂದರು ಮಂತ್ರಿಗಳು, ಇನ್ನೂ ಬಗ್ಗಿಕೊಂಡೇ. "ನಾನು ಹೇಳ್ತಿದ್ದೀನಲ್ಲ."

ಆಪಾ ಮಾಲೆ ಹಾಕಿದರು. ಸಭಾಭವನ ಚಪ್ಪಾಳೆಯಿಂದ ತುಂಬಿತು. ನಾನೂ ತಟ್ಟಿದೆ, ಆಫ್ ಕೋರ್ಸ್.

ಬರುವಾಗ ಆಟೋದಲ್ಲಿ ಕೇಳಿದೆ, ಹೇಳಿಕೊಟ್ಟದ್ದನ್ನು ತಿರುವುಮುರುವು ಮಾಡಿದಿರಲ್ಲ ಎಂದು.

"ಹಾಕಿದ ಮ್ಯಾಲೆ ಕೇಳಾಕ ಬರೂದಿಲ್ರಿ ಟೀಚರ. ನಮ್ಮ ಮಾವ ಹೇಳತಿದ್ರು, ಮಾಲಿ ಬಿದ್ದ ಮ್ಯಾಲೆ ಅವರು ನಮ್ಮ ಮೆಹಮಾನ, ಮನಿಗೆ ಬಂದವರಿದ್ದಂಗ. ಮೆಹಮಾನನ್ನ ನಿಂದರಿಸಿ ಜವಾಬು ಕೇಳ್ತಾರೇನು? ಏನಿದ್ರೂ ಅದಕ್ಕ ಮದಲ. ನಮ್ಮ ಮಂದ್ಯಾಗ ಲಗ್ನದ ಮಾತೂ ಹಂಗ. ಮಾಲಿ ಹಿಡದಾಗ ಆಡಿದ ಮಾತು ಕಸಂ ಇದ್ದಂಗ, ಆಣಿ ಇಟ್ಟಂಗ, ತಪ್ಪಂಗಿಲ್ಲ."

ನನಗೆ ಅದು ಚಂದ ಕಂಡಿತು. ಬ್ಯೂಟಿಫುಲ್ ಎಂದೂ ಅಂದೆ. ಅವರು ಅದನ್ನು ಚಂದಕ್ಕಾಗಿ ಹೇಳಿರಲಿಲ್ಲ, ನಂಬಿ ಹೇಳಿದ್ದರು. ಅದೇ ಸಂಜೆ ಸೊಸೆಗೆ, "ನಿಮ್ಮ ಭಾಯಿಗೆ ಹೇಳು, ಖೋಲಿ ಬ್ಯಾರೇವ್ರಿಗೆ ಕೊಡಲಿ. ಒಂದ ತಿಂಗಳಾ. ಇಲ್ಲೇ ಆಗತೈತಿ," ಎಂದರು.

"ಅಮ್ಮೀ, ಮಂತ್ರಿ ಮಾತರಿ ಅದು."

"ಮಂತ್ರಿ ಮಾತಲ್ಲ. ಮಾಲಿ ಮುಂದ ಆಡಿದ ಮಾತು."

ಸೊಸೆ ನನ್ನ ಕಡೆ ನೋಡಿದಳು. ಗಂಡನ ಕಡೆ ನೋಡಿದಳು. ಅವನು, "ಇರಲಿ ಬಿಡು. ಅಮ್ಮಿ ಹೇಳ್ಯಾಳ, ತಡಿಯೂಣು," ಎಂದ. ಹುಬ್ಬಳ್ಳಿಯ ಖೋಲಿಗೆ ಬೇರೆ ಬಾಡಿಗೆಯವರು ಬಂದರು.

ತಿಂಗಳಾಯಿತು, ಇನ್ನೊಂದಾಯಿತು. ಆಪಾ ಮುಖಂಡರ ಮನೆಗೆ ಹೋಗಿ ಬರುತ್ತಿದ್ದರು. ಅಲ್ಲಿ ಚಹಾ ಕೊಡುತ್ತಿದ್ದರು. ಬಸ್ಸಿನ ಓಡಾಟ ನಡೆದೇ ಇತ್ತು. ಮಳೆಗಾಲ ಮುಗಿಯುವ ಹೊತ್ತಿಗೆ ನಿಜವಾಗಿಯೂ ಟೆಕ್ನಿಶಿಯನ್ ಬಂದ. ಹೊದಿಕೆ ಬಿಚ್ಚಿದರು, ಮಂಚಕ್ಕೆ ಹೊಸ ಹಾಸಿಗೆ ಹಾಕಿದರು, ನಾಳೆಯಿಂದ ಶುರು ಎಂದರು. ಹುಬ್ಬಳ್ಳಿಗೆ ಹೋಗಬೇಕಾಗಿದ್ದ ದಿನವದು. "ನಾಳಿಗೆ ಇಲ್ಲೇ ಆಗತೈತಂದ್ರ ಇವತ್ತ ಯಾಕ ಜೀವಾ ಹಣ್ಣ ಮಾಡ್ಕೋತಿ? ಒಂದಿನಾ ತಡಿ," ಎಂದರು ಆಪಾ. ಅವನು ಆ ದಿನ ಬಸ್ಸು ಹತ್ತಲಿಲ್ಲ.

ಮರುದಿನ ಹೋದರೆ ಮಶೀನಿಗೆ ಬೇಕಾದ ಶುದ್ಧ ನೀರಿನ ಘಟಕವನ್ನು ಇನ್ನೂ ಜೋಡಿಸಿಯೇ ಇರಲಿಲ್ಲ. ಎರಡು ದಿನ ಎಂದರು. ಅಷ್ಟರಲ್ಲಿ ಅವನ ಮೈಯಲ್ಲಿ ನೀರು ತುಂಬಿ ಉಸಿರು ಸಿಕ್ಕಿಕೊಳ್ಳತೊಡಗಿತು. ಹುಬ್ಬಳ್ಳಿಗೇ ಒಯ್ಯುತ್ತಿದ್ದರು. ಶಿಗ್ಗಾಂವಿ ದಾಟುವವರೆಗೆ ಸೊಸೆಯ ಕೈ ಹಿಡಿದು ಮಾತಾಡುತ್ತಿದ್ದನಂತೆ...

ಅದರ ಬಗ್ಗೆ ಹೆಚ್ಚು ಬರೆಯಲಾರೆ.

ಸೊಸೆ ತವರಿಗೆ ಹೋದಳು. ಹೋಗುವಾಗ ಅತ್ತೆಯ ಕಾಲು ಮುಟ್ಟಿದಳು. ಮರುವರ್ಷ ಅದೇ ಮಂತ್ರಿಗಳು ಮತ್ತೆ ಬರುವುದಿತ್ತು, ಮುಖಂಡರ ಮನುಷ್ಯ ಮಾಲೆ ಹೇಳಿ ಹೋದ. ಆಪಾ ಕಟ್ಟಲು ಕೂತರು. ನನಗೆ ತಡೆಯಲಾಗಲಿಲ್ಲ. ಆ ಮನುಷ್ಯನಿಗಾ, ಹೌ ಕ್ಯಾನ್ ಯೂ, ಎಂದೆ. ಅವರು ಸೂಜಿಗೆ ದಾರ ಪೋಣಿಸುತ್ತಲೇ ಇದ್ದರು.

"ಕಸಬ ಐತ್ರಿ. ಕಟ್ಟಬೇಕು." ದಾರ ಎಳೆದು ತುದಿಗೆ ಗಂಟು ಹಾಕಿದರು. "ಅವರ ಮ್ಯಾಲೆ ಏನ ಸಿಟ್ಟು ಮಾಡೂದ್ರಿ. ಅವರು ನೂರಾ ಮಂದಿಗೆ ನೂರಾ ಮಾತ ಆಡ್ತಾರ. ನನ್ನ ಮಗಾ ನನ್ನ ಒಬ್ಬಾಕಿ ಮಾತ ಕೇಳಾಂವ. ನಾ ತಡಿ ಅಂದೆ. ತಡದ."

ಆ ಸಲ ಅವರು ಸಭೆಗೆ ಹೋಗಲಿಲ್ಲ. ಮಾಲೆ ಹೋಯಿತು. ಎರಡು ಚಳಿಗಾಲ ಕಳೆದ ಮೇಲೆ ಆಪಾನೂ ಹೋದರು, ಜ್ವರವೆಂದು ಮಲಗಿದವರು ಏಳಲಿಲ್ಲ. ನನ್ನ ಯಜಮಾನರೂ ಇಲ್ಲವಾದ ಮೇಲೆ ನಾನು ರಾಣೆಬೆನ್ನೂರಿಗೆ, ತಂಗಿಯ ಮಗಳ ಮನೆಗೆ ಬಂದುಬಿಟ್ಟೆ.

ಹೋದ ತಿಂಗಳು ತಂಗಿಯ ಮಗಳ ಅತ್ತೆಯನ್ನು ನೋಡಲು ಆ ದವಾಖಾನೆಗೇ ಹೋಗುವುದಾಯಿತು. ಈಗ ಅಲ್ಲಿ ಡಯಾಲಿಸಿಸ್ ನಡೆಯುತ್ತಿದೆ, ಚೆನ್ನಾಗಿಯೇ ನಡೆಯುತ್ತಿದೆ. ಬಾಗಿಲು ತೆರೆದಿತ್ತು. ಮಂಚಗಳ ಮೇಲೆ ಜನ ಒಂದೊಂದು ಕೈ ಚಾಚಿ ಮಲಗಿದ್ದರು. ಕಾರಿಡಾರಿನ ಟಿವಿಯಲ್ಲಿ ಈಗಿನ ಆರೋಗ್ಯ ಮಂತ್ರಿ ಯಾರದೋ ಪ್ರಶ್ನೆಗೆ ಉತ್ತರ ಕೊಡುತ್ತಿದ್ದರು, ಈ ಸೌಲಭ್ಯ ಈಗ ಜನರ ಹತ್ತಿರಕ್ಕೇ ಬಂದಿದೆ ಎಂದು. ಸುಳ್ಳಲ್ಲ, ಕಣ್ಣೆದುರಿಗೇ ಇತ್ತು. ತಕರಾರು ಮಾಡಲು ನನ್ನ ಹತ್ತಿರ ಏನೂ ಇರಲಿಲ್ಲ. ಆದರೂ ಬಾಗಿಲಲ್ಲೇ ನಿಂತೆ.

ಬೆಂಚಿನ ಮೇಲೆ ರೊಟ್ಟಿಯ ಗಂಟು ಬಿಚ್ಚಿ ಕೂತಿದ್ದ ಹೆಂಗಸೊಬ್ಬಳು ನನ್ನನ್ನು ನೋಡಿ ಕೇಳಿದಳು, "ಒಳಗ ನಿಮ್ಮವರು ಯಾರ ಅದಾರ್ರಿ ಅಮ್ಮಾ?"

"ಯಾರೂ ಇಲ್ಲವ್ವಾ," ಎಂದೆ.

ಅವಳು ಗಂಟನ್ನು ಈಚೆ ಎಳೆದುಕೊಂಡು, ಸರಿದು, ನನಗೆ ಕೂಡಲು ಜಾಗ ಮಾಡಿಕೊಟ್ಟಳು.