ಮೂಗಣ್ಣ ಕಾಯುತ್ತಿದ್ದ ತೊಟ್ಟಿ

ನಲ್ಲಿಗಳಿಗೆ, ಬಾಗಿಲ ಹಿಡಿಗಳಿಗೆ ಹೊಳಪಿನ ಲೇಪ ಹಾಕುವ ನಮ್ಮ ಶೆಡ್ಡಿನಲ್ಲಿ ಅವನ ನಿಜವಾದ ಹೆಸರನ್ನು ಯಾರೂ ಬಳಸುತ್ತಿರಲಿಲ್ಲ. ಎಲ್ಲರಿಗೂ ಅವನು ಮೂಗಣ್ಣ. ನಾವು ಒಂಬತ್ತು ಜನ ದಿನವೂ ಜೀವಂತವಾಗಿ ಮನೆ ಸೇರುತ್ತಿದ್ದುದು ಆ ಮೂಗಿನ ದಯೆಯಿಂದ. ಇದರಲ್ಲಿ ಉಪ್ಪುಖಾರ ಹಚ್ಚಿದ್ದೇನೂ ಇಲ್ಲ.

ಲೋಹದ ಮೇಲೆ ತಾಮ್ರ ಗಟ್ಟಿಯಾಗಿ ಕೂರಬೇಕಾದರೆ ತೊಟ್ಟಿಗೆ ಸಯನೈಡ್ ಬೇಕು. ನೋಡಲು ಅಡುಗೆಮನೆಯ ಉಪ್ಪಿನ ಹಾಗೆಯೇ. ಚಿಟಿಕೆಯಷ್ಟು ಬಾಯಿಗೆ ಹೋದರೆ ಕಥೆ ಮುಗಿಯಿತು. ಅದಕ್ಕೆ ಆಸಿಡ್ ತಾಗಿದರೆ ಏಳುವ ಗಾಳಿ ಇನ್ನೂ ಕೆಟ್ಟದ್ದು. ಕಣ್ಣಿಗೆ ಕಾಣುವುದಿಲ್ಲ, ಕಹಿ ಬಾದಾಮಿಯಂಥ ಸಣ್ಣ ವಾಸನೆ ಮಾತ್ರ. ಅದನ್ನು ಮೂಗಣ್ಣ ಎಲ್ಲರಿಗಿಂತ ಮೊದಲು ಹಿಡಿಯುತ್ತಿದ್ದ. "ಓಡ್ರೋ!" ಎಂದು ಅವನು ಕೂಗಿದರೆ ಕೈಯಲ್ಲಿದ್ದದ್ದನ್ನು ಬಿಸಾಕಿ ಓಡುತ್ತಿದ್ದೆವು. ಎರಡು ಸಲ ಹಾಗೆ ಬದುಕಿಕೊಂಡೆವು. ವಿಷಗಾಳಿ ಅಳೆಯುವ ಮೀಟರ್ ತರಿಸಿ ಎಂದು ಕೇಳಿದರೆ ಧಣಿ, "ಮೂಗಣ್ಣ ಇರೋವಾಗ ಮೀಟರ್ ಯಾಕ್ರಯ್ಯಾ?" ಎಂದು ನಗುತ್ತಿದ್ದ. ನಾವೂ ನಗುತ್ತಿದ್ದೆವು, ಬುದ್ಧಿಗೇಡಿಗಳು.

ಕೊನೆಯ ಹೊಳಪು ಕೊಡುವ ಕ್ರೋಮ್ ತೊಟ್ಟಿಯವನು ಕೆಲಸ ಬಿಟ್ಟಾಗ ಆ ಕೆಲಸವೂ ಮೂಗಣ್ಣನ ತಲೆಗೇ ಬಿತ್ತು. ಅದರ ಹಳದಿ ಹಬೆ ಮೂಗನ್ನು ಒಳಗಿನಿಂದ ತಿನ್ನುತ್ತದೆ. ಮೊದಲು ರಕ್ತ ಬಂತು, ಆಮೇಲೆ ಹೊಳ್ಳೆಗಳ ನಡುವಿನ ಗೋಡೆ ತೂತಾಯಿತು. ಒಂದು ದಿನ, ಹಾಲು ಸೀದಿದೆ ಎಂದು ನಾನು ಮೂಸಿ ಪಕ್ಕಕ್ಕಿಟ್ಟ ಚಹಾವನ್ನೇ ಅವನು ಚಪ್ಪರಿಸಿ ಕುಡಿದ.

"ಅಣ್ಣಾ, ನಿಂಗೆ ವಾಸನೆ ಬರ್ತಿಲ್ಲ ಅಲ್ವಾ?"

ಅವನು ಲೋಟ ಕೆಳಗಿಟ್ಟು ಸುತ್ತ ನೋಡಿದ. "ಯಾರಿಗೂ ಹೇಳ್ಬೇಡ ಕಣೋ. ಈ ವಯಸ್ಸಲ್ಲಿ ನಂಗೆ ಬೇರೆ ಯಾರು ಕೆಲಸ ಕೊಡ್ತಾರೆ?"

ಹೇಳಿದರೆ ಅವನ ಹೊಟ್ಟೆಯ ಮೇಲೆ ಹೊಡೆದಂತೆ. ಬಾಯಿ ಮುಚ್ಚಿಕೊಂಡೆ. ದಾರಿ ಹುಡುಕಿದವಳು ಅವನ ಹೆಂಡತಿ, ನಮಗೆಲ್ಲ ಅತ್ತಿಗೆ. ಮೂರನೆಯ ಮಹಡಿಯ ಯಾರ ಮನೆಯಲ್ಲಿ ಏನು ಸೀಯುತ್ತಿದೆ ಎಂದು ಕೆಳಗಿನ ಮೆಟ್ಟಿಲಲ್ಲೇ ಹೇಳುವ ಹೆಂಗಸು. "ನಿಮ್ಮಣ್ಣಂಗೆ ಮೂಗು ಹೋದ್ರೇನಂತೆ, ನಂದಿದೆಯಲ್ಲ," ಎಂದವಳೇ ತೊಟ್ಟಿಗೆ ಇಳಿಸಲು ನಲ್ಲಿಗಳನ್ನು ತಂತಿಗೆ ಕಟ್ಟುವ ಕೆಲಸಕ್ಕೆ ಸೇರಿಕೊಂಡಳು. ತಾಮ್ರದ ತೊಟ್ಟಿಯ ಪಕ್ಕದಲ್ಲೇ ಅವಳ ಸ್ಟೂಲು. ವಾಸನೆ ಬಂದರೆ ಅವಳು ಕೈ ಎತ್ತಬೇಕು, ಅವನು ಕೂಗಬೇಕು ಎಂದು ನಮ್ಮ ಮೂವರೊಳಗೆ ಮಾತಾಯಿತು. "ಒಂದು ಗಳಿಗೆ ಬಿಟ್ಟಿರೋಲ್ಲಪ್ಪಾ ಇವರಿಬ್ರೂ!" ಎಂದು ಉಳಿದವರು ಗೇಲಿ ಮಾಡುತ್ತಿದ್ದರು.

ಹೀಗೆ ಎಂಟು ತಿಂಗಳು ಕಳೆದವು. ಅವತ್ತು ಊಟದ ಬಿಡುವಿಗೆ ಸ್ವಲ್ಪ ಮುಂಚೆ ಆಸಿಡ್ ಡ್ರಮ್ಮು ಸೋರಿ, ನೆಲದ ಕಾಲುವೆ ಹಿಡಿದು, ತಾಮ್ರದ ತೊಟ್ಟಿಯ ಕೊಳೆನೀರು ನಿಲ್ಲುವ ಗುಂಡಿಗೆ ಸೇರಿತ್ತು. ಅದು ಗೊತ್ತಾದದ್ದು ಆಮೇಲೆ. ಗುಂಡಿ ಇದ್ದದ್ದು ಅತ್ತಿಗೆಯ ಕಾಲ ಬಳಿ. ದೂರದ ಮೂಲೆಯಲ್ಲಿ ಪಾಲಿಶ್ ಚಕ್ರದ ಮುಂದೆ ಕೂತಿದ್ದ ನನ್ನ ಮೂಗಿಗೆ ಕಹಿ ಬಾದಾಮಿ ಬಡಿಯಿತು. ಚಕ್ರ ನಿಲ್ಲಿಸಿ ಅತ್ತ ನೋಡಿದೆ. ಅತ್ತಿಗೆ ನಿಶ್ಚಿಂತೆಯಾಗಿ ತಂತಿ ತಿರುವುತ್ತಿದ್ದಳು. ಏನು ಎಂಬಂತೆ ಹುಬ್ಬು ಹಾರಿಸಿ ನಕ್ಕಳು. ಅಷ್ಟು ಹತ್ತಿರ ಕೂತವಳಿಗೇ ಬಾರದ್ದು ನನಗೆಲ್ಲಿಂದ ಬರಬೇಕು ಎಂದುಕೊಂಡು ಮತ್ತೆ ಚಕ್ರ ತಿರುಗಿಸಿದೆ.

ಇನ್ನೊಂದು ನಲ್ಲಿಯನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಅವಳು ಬಿದ್ದಳು. ನಾವೆಲ್ಲ ಹೊರಗೆ ಓಡಿದೆವು. ಕ್ರೋಮ್ ತೊಟ್ಟಿಯ ಕಡೆಯಿದ್ದ ಮೂಗಣ್ಣ ಮಾತ್ರ ಆ ಗಾಳಿಯೊಳಗೇ ನುಗ್ಗಿ ಅವಳನ್ನು ಎಳೆದು ತಂದ. ಅಷ್ಟರಲ್ಲಿ ಅವಳ ಉಸಿರು ನಿಂತಿತ್ತು.

"ಎಷ್ಟೋ ಜನಕ್ಕೆ ಹುಟ್ಟಿನಿಂದ್ಲೇ ಆ ಒಂದು ವಾಸನೆ ಗೊತ್ತಾಗಲ್ಲ. ಬೇರೆಲ್ಲಾ ಗೊತ್ತಾಗುತ್ತೆ," ಎಂದರು ಡಾಕ್ಟರು. ಅದನ್ನು ಮುಂಚೆಯೇ ಪರೀಕ್ಷೆ ಮಾಡಿ ನೋಡುವುದಾದರೂ ಹೇಗಿತ್ತು? ವಿಷವನ್ನು ಮೂಸಿಸಿಯೇ ನೋಡಬೇಕಿತ್ತು.

ಈಗ ಧಣಿ ಮೀಟರ್ ತರಿಸಿದ್ದಾನೆ. ಅದರ ಕೆಳಗೇ ಮೂಗಣ್ಣ ತೊಟ್ಟಿ ನೋಡಿಕೊಳ್ಳುತ್ತಾನೆ, ತಂತಿಯನ್ನೂ ಅವನೇ ಕಟ್ಟುತ್ತಾನೆ. ಹೋದ ವಾರ ಚಹಾದ ಲೋಟ ಹಿಡಿದು ನನ್ನ ಪಕ್ಕ ಬಂದು ಕೂತ.

"ಅವತ್ತು ನಿಂಗಾದ್ರೂ ವಾಸನೆ ಬಂದಿತ್ತೇನೋ?"

"ಇಲ್ಲಣ್ಣ," ಎಂದೆ.

"ಹಾಗಾದ್ರೆ ಯಾರ ತಪ್ಪೂ ಅಲ್ಲ ಬಿಡು," ಎಂದು ಅವನು ನನ್ನ ಬೆನ್ನು ತಟ್ಟಿದ.