ಸಮುದ್ರಕ್ಕೆ ಬೆನ್ನು ಹಾಕಿ ಕೂತವಳು

ಬೋರ್ಡು ಬರೆಯುವವನ ಹೆಂಡತಿ ತೀರಿಕೊಂಡದ್ದು ಮಹಡಿಯ ಮೇಲೆ, ಒಗೆದ ಬಟ್ಟೆ ಹರವುತ್ತಿದ್ದಾಗ. ಕ್ಲಿಪ್ಪುಗಳ ಡಬ್ಬಿ ಉರುಳಿದ ಸದ್ದು ಕೇಳಿ ಅವನು ಕೆಳಗಿನಿಂದಲೇ "ನಿಧಾನ" ಎಂದಿದ್ದ. ಮೇಲಿನಿಂದ ಉತ್ತರ ಬರಲಿಲ್ಲ. ಅವರ ಮನೆಯಲ್ಲಿ ಅದೇನೂ ಹೊಸತಲ್ಲ. ಕೈಯಲ್ಲಿದ್ದ ಅಕ್ಷರ ಮುಗಿಸಿಯೇ ಮೆಟ್ಟಿಲು ಹತ್ತಿದ.

ಆಮೇಲೆ ಬಂದವರೆಲ್ಲ ಅವನ ಕಣ್ಣನ್ನೇ ನೋಡಿದರು. ನೀರಿರಲಿಲ್ಲ. ಗಟ್ಟಿ ಮನುಷ್ಯ ಎಂದರು ಕೆಲವರು, ಕಲ್ಲು ಎಂದರು ಉಳಿದವರು. ಅವನಿಗೆ ಎರಡೂ ಒಂದೇ ಆಗಿತ್ತು. ಹಲ್ಲಿನ ಡಾಕ್ಟರು ಸೂಜಿ ಚುಚ್ಚಿದ ಮೇಲೆ ತುಟಿ ತನ್ನದಲ್ಲ ಎನಿಸುತ್ತದಲ್ಲ, ಹಾಗೆ ಇಡೀ ಮೈ ಬೇರೆ ಯಾರದೋ ಆಗಿತ್ತು. ತಂಗಿ ಉಣ್ಣು ಎಂದರೆ ಉಣ್ಣುವುದು, ಮಲಗು ಎಂದರೆ ಮಲಗುವುದು.

ಆ ತಂಗಿ ನಾಲ್ಕು ದಿನಕ್ಕೆಂದು ಬಂದವಳು ಅಲ್ಲೇ ಉಳಿದುಕೊಂಡಿದ್ದಳು. ಬಾಯಿಗೆ ಬೀಗವಿಲ್ಲದ ಹೆಂಗಸು. ಅಣ್ಣ ಮಾತಾಡದಿದ್ದರೆ ಅವನ ಪಾಲಿನದನ್ನೂ ತಾನೇ ಆಡಿ, ಅದಕ್ಕೆ ತಾನೇ ಉತ್ತರ ಕೊಟ್ಟು, ಕೊನೆಗೆ ಮುನಿಸಿಕೊಳ್ಳುತ್ತಿದ್ದಳು. ಆಸ್ಪತ್ರೆಯೊಂದರ ಕೆಲಸ ಒಪ್ಪಿಕೊಂಡವಳೂ ಅವಳೇ. ಫೋನು ಬಂದಾಗ ಅಣ್ಣ ಅದನ್ನು ಕೈಯಲ್ಲಿ ಹಿಡಿದು ಸುಮ್ಮನೆ ನೋಡುತ್ತ ಕೂತಿದ್ದ. ಅವಳು ಕಿತ್ತುಕೊಂಡು, ನಾಳೆಯೇ ಬರುತ್ತಾರೆ ಎಂದುಬಿಟ್ಟಳು.

ರೋಗಿಗಳು ಕಾಯುವ ಕೋಣೆಯ ಉದ್ದ ಗೋಡೆಗೆ ಒಂದು ಚಿತ್ರ ಬೇಕಿತ್ತು. ಹಿರಿಯ ನರ್ಸ್ ಹಳೇ ಕ್ಯಾಲೆಂಡರಿನಿಂದ ಕತ್ತರಿಸಿಟ್ಟುಕೊಂಡಿದ್ದ ಹಾಳೆಯೊಂದನ್ನು ಕೊಟ್ಟಳು. ನೂರೈವತ್ತು ವರ್ಷದ ಹಿಂದೆ ಅಮೆರಿಕದವನೊಬ್ಬ ಬರೆದದ್ದಂತೆ. ಕಂಡದ್ದನ್ನು ಕಂಡ ಹಾಗೆಯೇ ಬರೆಯುವವನಂತೆ. ಮೊದಲು ಯುದ್ಧದ ಸಿಪಾಯಿಗಳನ್ನು ಬರೆಯುತ್ತಿದ್ದವನು ಆಮೇಲೆ ಸಮುದ್ರತೀರಕ್ಕೆ ಬಂದನಂತೆ.

ಚಿತ್ರದಲ್ಲಿ ಮರಳಿನ ದಿಬ್ಬ, ಕೆಳಗಿಳಿಯುವ ಮರದ ಮೆಟ್ಟಿಲು, ಬಟ್ಟೆ ಬದಲಿಸುವ ಪುಟ್ಟ ಗೂಡುಗಳು. ನೆಲ ಗುಡಿಸುವಂಥ ಉದ್ದ ಅಂಗಿಯ ಹೆಂಗಸರು ಕೊಡೆ ಹಿಡಿದು ಗಾಳಿಗೆ ನಿಂತಿದ್ದರು. ಒಂದು ಮೂಲೆಯಲ್ಲಿ ಒಬ್ಬಳು ಸಮುದ್ರಕ್ಕೆ ಬೆನ್ನು ಹಾಕಿ ಕೂತಿದ್ದಳು.

ಅವನು ಹಾಳೆಯ ಮೇಲೆ ಚೌಕ ಗೀಚಿದ, ಗೋಡೆಯ ಮೇಲೆ ದಾರ ಹಿಡಿದು ದೊಡ್ಡ ಚೌಕ ಹೊಡೆದ. ಚೌಕ ನೋಡಿ ಚೌಕ ತುಂಬಿಸುವವನಿಗೆ ಚಿತ್ರ ನೋಡುವ ಹಂಗಿಲ್ಲ. ಆದರೆ ಅಂಗಿಗಳಿಗೆ ಬಂದಾಗ ಕೈ ನಿಂತಿತು. ಬಿಳಿ ಅಂಗಿ ಎಂದು ಡಬ್ಬಿಯ ಬಿಳಿ ಬಳಿದರೆ ಸುಣ್ಣ ಬಳಿದ ಕಂಬದ ಹಾಗೆ ಕಂಡಿತು. ಹಾಳೆಯನ್ನು ಕಣ್ಣಿನ ಹತ್ತಿರ ಹಿಡಿದ. ಅಂಗಿಯಲ್ಲಿ ಬಿಳಿ ಇದ್ದದ್ದು ಭುಜದ ಮೇಲೆ ಒಂದು ಎಳೆಯಷ್ಟೇ. ಉಳಿದದ್ದೆಲ್ಲ ನೀಲಿ, ಬೂದಿ, ಮಡಿಕೆಯೊಳಗೆ ಮರಳಿನ ಹಳದಿ. ಅದರಂತೆ ಕಲಸಿ ಬಳಿದು ಏಣಿ ಇಳಿದು ಹಿಂದೆ ಸರಿದು ನೋಡಿದ. ಅವನು ಬರೆದದ್ದು ನೆರಳನ್ನು ಮಾತ್ರ. ಬಿಸಿಲು ತಾನಾಗಿ ಬಂದು ಕೂತಿತ್ತು. ಆ ಅಮೆರಿಕದವನು ಕೆಲಸ ಬಲ್ಲವನು ಎಂದುಕೊಂಡ. ಹಿಂದಾದರೆ ಇಂಥದ್ದು ಕಂಡ ದಿನ ಮನೆಗೆ ಹೋಗಿ ಹೆಂಡತಿಯ ತಲೆ ತಿನ್ನುತ್ತಿದ್ದ. ಈಗ ಬ್ರಶ್ ತೊಳೆದಿಟ್ಟ.

ಚಿತ್ರ ಮುಗಿಯುತ್ತ ಬಂದಾಗ ಮ್ಯಾನೇಜರ್ ಬಂದು ನೋಡಿದ. ಎಲ್ಲ ಸರಿ, ಆದರೆ ಮೋಜಿಗೆ ಬಂದವರು ಹೀಗೆ ಮುಖ ಇಟ್ಟುಕೊಳ್ಳುತ್ತಾರೆಯೇ, ಒಬ್ಬರನ್ನೊಬ್ಬರು ನೋಡುವುದೂ ಇಲ್ಲವಲ್ಲ, ಸ್ವಲ್ಪ ನಗು ಇರಲಿ ಎಂದ.

ನರ್ಸ್ ಅಲ್ಲೇ ಇದ್ದಳು. "ನನಗೆ ಇವರು ಏನೋ ಕಳ್ಕೊಂಡು ಬಂದೋರ ಥರ ಕಾಣ್ತಾರೆ ಸಾರ್. ಸುಮ್ನೆ ಗಾಳಿಗೆ ನಿಂತಿದಾರೆ. ಇಲ್ಲಿ ಕಾಯೋರಿಗೆ ಇದೇ ಸರಿ."

ಮ್ಯಾನೇಜರ್ ಒಪ್ಪಲಿಲ್ಲ. ಬೋರ್ಡು ಬರೆಯುವವನು ವಾದಕ್ಕೆ ಹೋಗಲಿಲ್ಲ. ಬೂಟಿನಂಗಡಿಗೆ ಬೂಟು ಬರೆದವನಿಗೆ ನಗು ಬರೆಯುವುದು ಯಾವ ದೊಡ್ಡ ಮಾತು? ಮಾರನೆಯ ದಿನ ಏಣಿ ಸರಿಸುತ್ತ ಒಬ್ಬೊಬ್ಬಳಿಗೂ ನಗು ಅಂಟಿಸಿದ. ಟೂತ್‌ಪೇಸ್ಟಿನ ಜಾಹೀರಾತಿನ ಹಾಗೆ ಕಂಡಿತು. ಕೊನೆಗೆ ಉಳಿದವಳು ಮೂಲೆಯಲ್ಲಿ ಕೂತವಳು.

ಅವಳ ಬಾಯಿಯ ಹತ್ತಿರ ಬ್ರಶ್ ತಂದಾಗ ಮದುವೆಯಾದ ಹೊಸತರಲ್ಲಿ ತಂಗಿಯೂ ನೆಂಟರೂ ಎಲ್ಲ ಸೇರಿ ಸಮುದ್ರಕ್ಕೆ ಹೋದದ್ದು ನೆನಪಾಯಿತು. ಎಲ್ಲರೂ ಚಪ್ಪಲಿ ಬಿಟ್ಟು ನೀರಿಗೆ ಓಡಿದರೆ ಇವನ ಹೆಂಡತಿ ಕೊಡೆ ಬಿಡಿಸಿ, ನೀರಿಗೆ ಬೆನ್ನು ಹಾಕಿ, ಆ ಚಪ್ಪಲಿ ರಾಶಿಯ ಪಕ್ಕ ಕೂತುಬಿಟ್ಟಿದ್ದಳು. ಬಾ ಎಂದು ಕರೆದರೆ, "ಸಮುದ್ರ ಎಲ್ಲಿಗೂ ಹೋಗಲ್ಲ, ಚಪ್ಪಲಿ ಹೋಗುತ್ತೆ" ಎಂದಿದ್ದಳು. ಹೊರಡುವಾಗ ಸಮುದ್ರ ಹೇಗಿತ್ತು ಎಂದು ಇವನು ಕೆಣಕಿದ. "ಸದ್ದು ಚೆನ್ನಾಗಿತ್ತು" ಎಂದಳು.

ಅವನು ಬ್ರಶ್ ಕೆಳಗಿಳಿಸಿದ. ಮುಖ ಇದ್ದ ಹಾಗೆಯೇ ಬಿಟ್ಟು, ಅವಳ ಪಕ್ಕದ ಮರಳಿನ ಮೇಲೆ ಚಪ್ಪಲಿಗಳನ್ನು ಬರೆಯತೊಡಗಿದ. ಒಂದರ ಮೇಲೊಂದು ಬಿದ್ದಂಥವು, ಮಗುಚಿದಂಥವು, ಜೊತೆ ತಪ್ಪಿದಂಥವು.

ಕ್ಯಾಲೆಂಡರಿನಲ್ಲಿ ಇಲ್ಲದ ಈ ಚಪ್ಪಲಿ ಎಲ್ಲಿಂದ ಬಂತು ಎಂದು ಮ್ಯಾನೇಜರ್ ಕೇಳದೆ ಇರಲಿಲ್ಲ.

"ನೀರಿಗೆ ಇಳಿಯೋರು ಎಲ್ಲಾದ್ರೂ ಬಿಡ್ಲೇಬೇಕಲ್ಲ ಸಾರ್" ಎಂದ ಇವನು.

ಮ್ಯಾನೇಜರಿಗೆ ಅದು ನ್ಯಾಯವಾಗಿಯೇ ಕಂಡಿರಬೇಕು, ತಲೆಯಾಡಿಸಿ ಹೋದ. ಒಬ್ಬಳ ಮುಖದಲ್ಲಿ ನಗು ಇಲ್ಲದ್ದನ್ನು ನರ್ಸ್ ಗಮನಿಸಿದಳು, ಯಾರಿಗೂ ಹೇಳಲಿಲ್ಲ.

ಕೆಲಸ ಮುಗಿದ ದಿನ ತಂಗಿ ನೋಡಲು ಬಂದಳು. ಬಾಗಿಲಿಂದಲೇ ಗೋಡೆಯ ಉದ್ದ, ಕೋಣೆಯ ಫಿನಾಯಿಲ್ ವಾಸನೆ, ಆ ಹೆಂಗಸರ ಹಲ್ಲು ಎಲ್ಲದರ ಬಗ್ಗೆ ಒಂದೇ ಉಸಿರಿಗೆ ಮಾತು ಶುರುವಾಯಿತು. ಮೂಲೆಗೆ ಬಂದಾಗ ಆ ಮಾತು ನಿಂತುಹೋಯಿತು. ಬಗ್ಗಿ ನೋಡಿದಳು.

"ಈ ನೀಲಿ ಪಟ್ಟಿ ಚಪ್ಪಲಿ ನಂದಲ್ವಾ?"

"ಹೂಂ."

"ಹಾಗಾದ್ರೆ ಇವಳು ಅತ್ತಿಗೆ."

ತಂಗಿ ಸೆರಗು ಬಾಯಿಗೆ ಒತ್ತಿಕೊಂಡು ಅತ್ತಳು. ಬೆಂಚಿನ ಮೇಲಿದ್ದ ಮುದುಕನೊಬ್ಬ, ಏನು ಕಾಯಿಲೆಯೋ ಎಂಬಂತೆ ಮರುಕದಿಂದ ನೋಡಿ ಪಕ್ಕಕ್ಕೆ ಸರಿದು ಜಾಗ ಮಾಡಿಕೊಟ್ಟ.

ಅಳು ಇಳಿದ ಮೇಲೆ ಅವಳು ಕೇಳಿದಳು. "ನಿನಗೆ ಏನೂ ಅನ್ಸಲ್ವಾ ಅಣ್ಣ?"

ಅವನು ನಿಜವಾಗಿಯೂ ಯೋಚಿಸಿದ. ಒಳಗೆ ಹುಡುಕಿದ. ಹೇಳುವಂಥದ್ದೇನೂ ಕೈಗೆ ಸಿಗಲಿಲ್ಲ.

"ಕಾಲು ನೋಯ್ತಿದೆ" ಎಂದ. "ಏಣಿ ಮೇಲೆ ನಿಂತೂ ನಿಂತೂ. ತುಂಬಾನೇ ನೋಯ್ತಿದೆ ಕಣೇ."

ಹಾಗಾದರೆ ಕೂತುಕೋ ಎಂದಳು ತಂಗಿ. ಮುದುಕ ಬಿಟ್ಟುಕೊಟ್ಟ ಜಾಗದಲ್ಲಿ ಇಬ್ಬರೂ ಇಕ್ಕಟ್ಟಾಗಿ ಕೂತರು. ಅವನು ಬಗ್ಗಿ ಮೀನಖಂಡ ಒತ್ತಿಕೊಳ್ಳತೊಡಗಿದ. ಎಷ್ಟು ಒತ್ತಿದರೂ ನೋವು ಹೋಗಲಿಲ್ಲ, ಅವನು ಒತ್ತುವುದನ್ನು ಬಿಡಲೂ ಇಲ್ಲ.